ಮಾತಿನ ಸಂದರ್ಭ ಎಲ್ಲಿಯವರೆಗೆ?

ಪ್ರಶ್ನೆ: ನಾನು ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ವೈದ್ಯರು ಮತ್ತು ರೋಗಿಗಳ ಮಾತುಕತೆಯ ಧ್ವನಿಮುದ್ರಣಗಳನ್ನು ಇಟ್ಟುಕೊಂಡು ಸಂಕಥನ ವಿಶ್ಲೇಷಣೆ, ಅಂದರೆ ಮಾತು ಬಳಕೆಯಲ್ಲಿ ಹೇಗೆ ಅರ್ಥ ಪಡೆಯುತ್ತದೆ ಎಂಬುದರ ವಿಶ್ಲೇಷಣೆ, ಮಾಡಬೇಕಿದೆ. ಓದಿದ ಪುಸ್ತಕಗಳೆಲ್ಲ 'ಅರ್ಥ ಸಂದರ್ಭದಿಂದ ಬರುತ್ತದೆ' ಎನ್ನುತ್ತವೆ. ಆದರೆ ಸಂದರ್ಭಕ್ಕೆ ಕೊನೆ ಎಲ್ಲಿ? ಆ ಕೋಣೆಯೇ, ಆಸ್ಪತ್ರೆಯೇ, ಇಡೀ ಸಮಾಜವೇ? ತನಗೆ ಬೇಕಾದ್ದನ್ನು ಸಂದರ್ಭ ಎಂದು ಎಳೆದುತಂದು ಬೇಕಾದ ಅರ್ಥ ಹೊರಡಿಸಲು ವಿಶ್ಲೇಷಕರಿಗೆ ಏನು ಅಡ್ಡಿಯಿದೆ, ಮೇಡಂ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಈ ಕ್ಷೇತ್ರದ ದೊಡ್ಡ ಜಗಳವೇ ಅದು, ಇನ್ನೂ ಬಗೆಹರಿದಿಲ್ಲ. ಅಡ್ಡಿಯೇ ಇಲ್ಲ ಎಂದಾದರೆ ಸಂಕಥನ ವಿಶ್ಲೇಷಣೆ ಪಾಂಡಿತ್ಯದ ಭಾಷೆಯಲ್ಲಿ ಬರೆದ ಊಹೆಯಾಗಿಬಿಡುತ್ತದೆ. ಅಂಥ ಪ್ರಬಂಧಗಳು ಬೇಕಾದಷ್ಟಿವೆ. ಮೊದಲ ಪುಟದಲ್ಲೇ ಅಧಿಕಾರ, ವರ್ಗ, ಲಿಂಗ ಎಂದು ಸಂದರ್ಭವನ್ನು ಘೋಷಿಸಿ, ಆಮೇಲೆ ಮಾತಿನೊಳಗೆ ಅದನ್ನೇ ಹುಡುಕಿ ತೆಗೆಯುತ್ತವೆ. ಹಾಗೆ ಹುಡುಕಿದರೆ ಸಿಗದೆ ಇರುವುದಾದರೂ ಹೇಗೆ?

ನಾನು ನಂಬಿರುವ ದಾರಿ ಇದು: ಸಂದರ್ಭವನ್ನು ಹೊರಗಿನಿಂದ ತಂದು ಮಾತಿನ ಮೇಲೆ ಹೊದಿಸಬೇಡಿ. ಮಾತಾಡುತ್ತಿರುವವರೇ ಯಾವ ಸಂದರ್ಭವನ್ನು ಯಾವ ಪದದಲ್ಲಿ, ಯಾವ ದನಿಯಲ್ಲಿ, ಯಾವ ಮೌನದಲ್ಲಿ ಹಿಡಿದುಕೊಂಡರು ಎಂಬುದನ್ನು ಮಾತಿನೊಳಗಿಂದಲೇ ತೋರಿಸಿ. ಹಾಗೆ ತೋರಿಸಲು ಬಾರದ ಸಂದರ್ಭ ಸುಳ್ಳೆಂದಲ್ಲ. ಅದಕ್ಕೆ ಬೇರೆ ಬಗೆಯ ಸಾಕ್ಷ್ಯ ಬೇಕು, ಅಷ್ಟೆ. ಅದರ ಮಾತು ಮುಂದೆ ಬರುತ್ತದೆ.

ಸಂದರ್ಭ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದು ನಮ್ಮ ಪರಂಪರೆಗೆ ಹೊಸದೇನಲ್ಲ. 'ಸೈಂಧವ ತಾ' ಎಂಬ ಉದಾಹರಣೆ ನಿಮಗೆ ಗೊತ್ತೇ ಇರುತ್ತದೆ. ಊಟಕ್ಕೆ ಕೂತವನು ಹೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ. ಒಂದು ಪದಕ್ಕೆ ಹಲವು ಅರ್ಥಗಳಿದ್ದಾಗ ಅವುಗಳಲ್ಲಿ ಒಂದನ್ನು ನಿಲ್ಲಿಸುವ ಸಂಗತಿಗಳು ಯಾವುವು ಎಂದು ಸಂಸ್ಕೃತ ವ್ಯಾಕರಣಕಾರ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಪಟ್ಟಿಯನ್ನೇ ಕೊಡುತ್ತಾನೆ: ಸಂಸರ್ಗ (ಜೊತೆಗಿರುವುದು), ವಿರೋಧ, ಪ್ರಕರಣ (ಆಗ ನಡೆಯುತ್ತಿರುವ ವಿಷಯ), ಔಚಿತ್ಯ, ದೇಶ, ಕಾಲ, ಸ್ವರ ಹೀಗೆ. ಆಲಂಕಾರಿಕ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ 'ಸೂರ್ಯ ಮುಳುಗಿದ' ಎಂಬ ಒಂದೇ ವಾಕ್ಯವನ್ನು ಹಿಡಿದು ಇನ್ನೂ ಮುಂದೆ ಹೋಗುತ್ತಾನೆ. ಯುದ್ಧಕ್ಕೆ ಕಾದಿರುವವರಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು. ದನ ಕಾಯುವವರಿಗೆ ದನಗಳನ್ನು ಮನೆಗೆ ಹೊಡೆಯಬೇಕೆಂಬ ಸೂಚನೆ. ವ್ಯಾಪಾರಿಗೆ ಸರಕು ಕಟ್ಟುವ ಸಮಯ. ಪ್ರಿಯನಿಗಾಗಿ ಕಾಯುತ್ತಿರುವವಳಿಗೆ ಅವನು ಇನ್ನೂ ಬರಲಿಲ್ಲವೆಂಬ ಸಂಕಟ. ಎಲ್ಲರೂ ಕೇಳಿದ್ದು ಒಂದೇ ವಾಕ್ಯ. ಹೇಳುವವರು, ಕೇಳುವವರು, ಅವರ ನಡುವೆ ಆಗ ನಡೆಯುತ್ತಿರುವುದು ಬೇರೆಬೇರೆ.

ಆದರೆ ಕಾವ್ಯಮೀಮಾಂಸೆಗೂ ನೀವು ಮಾಡಹೊರಟಿರುವ ಕೆಲಸಕ್ಕೂ ಒಂದು ದೊಡ್ಡ ಅಂತರವಿದೆ. ಅಲ್ಲಿ ಧ್ವನಿಯನ್ನು, ಅಂದರೆ ಹೇಳದೆ ಸೂಚಿಸಿದ ಅರ್ಥವನ್ನು, ಗ್ರಹಿಸುವವನು ಸಹೃದಯ, ಅವನ ಸಂಸ್ಕಾರವೇ ಪ್ರಮಾಣ. ಇಲ್ಲಿ ವಿಶ್ಲೇಷಕಿಯಾದ ನಿಮ್ಮ ಸಂಸ್ಕಾರ ಪ್ರಮಾಣವಲ್ಲ. 'ಸೂರ್ಯ ಮುಳುಗಿದ' ಎಂದಾಗ ದನ ಕಾಯುವವನು ಎದ್ದು ದನಗಳತ್ತ ನಡೆದನೇ, ಅಥವಾ 'ಹೌದಲ್ಲ, ಎಷ್ಟು ಚೆಂದ' ಎಂದು ಆಕಾಶ ನೋಡಿದನೇ? ಪ್ರಮಾಣ ಇರುವುದು ಅಲ್ಲಿ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ.

ಪಶ್ಚಿಮದ ಇತಿಹಾಸವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 'ಡಿಸ್ಕೋರ್ಸ್ ಅನಾಲಿಸಿಸ್' (ಸಂಕಥನ ವಿಶ್ಲೇಷಣೆ) ಎಂಬ ಶೀರ್ಷಿಕೆಯಲ್ಲೇ ಭಾಷಾವಿಜ್ಞಾನಿ ಜೆಲ್ಲಿಗ್ ಹ್ಯಾರಿಸ್ 1952ರಲ್ಲಿ ಲೇಖನ ಬರೆದರು. ಆದರೆ ಅವರ ಗಮನವೆಲ್ಲ ವಾಕ್ಯದಿಂದ ವಾಕ್ಯಕ್ಕೆ ಯಾವ ಘಟಕಗಳು ಹೇಗೆ ಮರಳಿ ಬರುತ್ತವೆ ಎಂಬುದರ ಮೇಲಿತ್ತು. ಸಂದರ್ಭದ ಕಡೆಗೆ ಬಾಗಿಲು ತೆರೆದವರು ಅವರಿಗಿಂತ ಮೊದಲಿನ ಒಬ್ಬ ಮಾನವಶಾಸ್ತ್ರಜ್ಞ, ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪವಾಸಿಗಳು ತಮ್ಮ ದೋಣಿಯಾನದ ಬಗ್ಗೆ ಹೆಮ್ಮೆಯಿಂದ ಆಡಿದ ಮಾತನ್ನು ಅವರು ಪದಕ್ಕೆ ಪದವಿಟ್ಟು ಅನುವಾದಿಸಿ ನೋಡಿದರು. ಏನೂ ತಿಳಿಯಲಿಲ್ಲ. ದೋಣಿಗಳ ಪೈಪೋಟಿ, ಅದರ ಹಿಂದಿನ ವಿನಿಮಯ, ಅಲ್ಲಿ ಹೆಚ್ಚುಗಾರಿಕೆ ಕೊಚ್ಚಿಕೊಳ್ಳುವ ರೀತಿ ಇವೆಲ್ಲ ಗೊತ್ತಿದ್ದರೆ ಮಾತ್ರ ಆ ಪದಗಳು ಮಾತಾಗುತ್ತಿದ್ದವು. 1923ರಲ್ಲಿ ಅವರು ಇದನ್ನು 'ಸನ್ನಿವೇಶದ ಸಂದರ್ಭ' ಎಂದು ಕರೆದರು. ಆ ಎಳೆಯನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್, ಅವರ ನಂತರ ಮೈಕೆಲ್ ಹ್ಯಾಲಿಡೇ ಹಿಡಿದರು. ಏನು ನಡೆಯುತ್ತಿದೆ, ಯಾರ ಯಾರ ನಡುವೆ, ಭಾಷೆ ಯಾವ ರೂಪದಲ್ಲಿ ಅಲ್ಲಿ ಕೆಲಸ ಮಾಡುತ್ತಿದೆ ಎಂಬ ಮೂರು ಮುಖಗಳಾಗಿ ಹ್ಯಾಲಿಡೇ ಸನ್ನಿವೇಶವನ್ನು ವಿಂಗಡಿಸಿದರು. ಡೆಲ್ ಹೈಮ್ಸ್ ಅಮೆರಿಕದಲ್ಲಿ ಇನ್ನೂ ಉದ್ದದ ಪಟ್ಟಿ ಕೊಟ್ಟರು. ಅದರ ಎಂಟು ಅಂಶಗಳ ಮೊದಲಕ್ಷರ ಸೇರಿದರೆ 'ಸ್ಪೀಕಿಂಗ್' ಎಂದಾಗುತ್ತದೆ. ಸ್ಥಳ, ಭಾಗಿಗಳು, ಉದ್ದೇಶ, ದನಿಯ ಬಗೆ, ಪಾಲಿಸುವ ನಿಯಮ ಎಲ್ಲ ಅದರಲ್ಲಿವೆ.

ಈ ಪಟ್ಟಿಗಳು ಸಾಮಗ್ರಿ ಸಂಗ್ರಹಿಸುವ ದಿನ ತುಂಬಾ ಉಪಯುಕ್ತ. ಯಾವುದನ್ನು ಗುರುತುಹಾಕಿಕೊಳ್ಳಲು ಮರೆಯಬಾರದು ಎಂದು ನೆನಪಿಸುತ್ತವೆ. ವಿಶ್ಲೇಷಣೆಯ ದಿನ ಅವು ಸಾಲವು. ಪಟ್ಟಿ ತುಂಬಿಸಿ ಅದನ್ನೇ ಅಧ್ಯಾಯ ಎಂದು ಒಪ್ಪಿಸುವ ವಿದ್ಯಾರ್ಥಿಗಳನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ನಿಜವಾದ ಕೆಲಸ ಆರಂಭವಾಗುವ ಜಾಗದಲ್ಲೇ ಅವರು ನಿಂತುಬಿಟ್ಟಿರುತ್ತಾರೆ. ನಿಮ್ಮ ಧ್ವನಿಮುದ್ರಣದಲ್ಲಿರುವ ಒಬ್ಬ ರೋಗಿಯನ್ನೇ ತೆಗೆದುಕೊಳ್ಳಿ. ಆಕೆ ಹೆಣ್ಣು, ನಡುವಯಸ್ಸಿನವರು, ಲೆಕ್ಕಪತ್ರದ ಕೆಲಸದವರು, ಇಬ್ಬರು ಮಕ್ಕಳ ತಾಯಿ, ಮಧುಮೇಹ ಇರುವವರು, ಆ ವೈದ್ಯರಿಗಿಂತ ಹಿರಿಯರು. ಎಲ್ಲವೂ ನಿಜವೇ. ಆದರೆ ಏಳನೇ ನಿಮಿಷದಲ್ಲಿ ಅವರು ಆಡಿದ ಆ ಒಂದು ಮಾತಿಗೆ ಇವುಗಳಲ್ಲಿ ಯಾವುದು ಸಂಬಂಧಪಟ್ಟದ್ದು? ಒಂದು ಸಂಗತಿ ನಿಜವಾಗಿದ್ದ ಮಾತ್ರಕ್ಕೆ ಆ ಕ್ಷಣಕ್ಕೆ ಪ್ರಸ್ತುತವಾಗುವುದಿಲ್ಲ. ನೀವು ಕೇಳಿದ 'ಅಡ್ಡಿ'ಯನ್ನು ಮೊದಲು ಹಾಕಿದವರು ಈ ಅಂತರವನ್ನು ಹಿಡಿದ ಸಂಭಾಷಣಾ ವಿಶ್ಲೇಷಕರು: ಹಾರ್ವಿ ಸ್ಯಾಕ್ಸ್, ಇಮಾನ್ಯುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್.

ಈ ಮೂವರೂ ಸೇರಿ 1974ರಲ್ಲಿ ಮಾತಿನ ಸರದಿಯ ಬಗ್ಗೆ ಬರೆದ ಲೇಖನ ಇವತ್ತಿಗೂ ಓದಲೇಬೇಕಾದದ್ದು. ಒಬ್ಬರ ಮಾತು ಮುಗಿದ ಕೂಡಲೇ ಇನ್ನೊಬ್ಬರ ಮಾತು ಬರುತ್ತದೆ. ಆ ಎರಡನೆಯ ಮಾತು ಮೊದಲನೆಯದನ್ನು ಏನೆಂದು ಅರ್ಥಮಾಡಿಕೊಂಡಿತು ಎಂದು ತಾನಾಗಿಯೇ ತೋರಿಸಿಕೊಡುತ್ತದೆ. ಆ ಅರ್ಥ ತಪ್ಪಾಗಿದ್ದರೆ ಮೊದಲಿನವರು ಮೂರನೆಯ ಸರದಿಯಲ್ಲಿ 'ಅಲ್ಲ, ನಾನು ಹೇಳಿದ್ದು ಅದಲ್ಲ' ಎಂದು ತಿದ್ದಬಹುದು. ಹೀಗೆ ಮಾತಾಡುವವರು ತಮಗಾಗಿ ಒಬ್ಬರಿಗೊಬ್ಬರು ಒದಗಿಸಿಕೊಳ್ಳುವ ಪುರಾವೆ ವಿಶ್ಲೇಷಕರಿಗೂ ದಕ್ಕುತ್ತದೆ.

ಸಮಾಜಶಾಸ್ತ್ರಜ್ಞ ಹ್ಯೂ ಮೆಹಾನ್ ಕೊಟ್ಟ ಒಂದು ಉದಾಹರಣೆಯನ್ನು ಈ ವಿಷಯ ಕಲಿಸುವವರು ಯಾರೂ ಬಿಡುವುದಿಲ್ಲ. 'ಗಂಟೆ ಎಷ್ಟು, ಡೆನಿಸ್?' 'ಎರಡೂವರೆ.' ಇಲ್ಲಿಯವರೆಗೆ ಇದು ಎಲ್ಲಿ ನಡೆದದ್ದೆಂದು ಹೇಳಲಾಗದು. ಮೂರನೆಯ ಮಾತು 'ಧನ್ಯವಾದ' ಎಂದಾದರೆ ಕೇಳಿದವರಿಗೆ ಹೊತ್ತು ಗೊತ್ತಿರಲಿಲ್ಲ. 'ತುಂಬಾ ಸರಿ, ಡೆನಿಸ್' ಎಂದಾದರೆ ಅದು ತರಗತಿ, ಕೇಳಿದವರಿಗೆ ಉತ್ತರ ಮೊದಲೇ ಗೊತ್ತಿತ್ತು. ಗೋಡೆ, ಕಪ್ಪುಹಲಗೆ, ಬೆಂಚುಗಳನ್ನು ವರ್ಣಿಸದೆಯೇ ಆ ಒಂದು ಸರದಿ ತರಗತಿಯನ್ನು ಕಣ್ಣೆದುರು ನಿಲ್ಲಿಸಿತು. ಶಿಕ್ಷಕರು ಶಾಲೆಯ ಕಟ್ಟಡದೊಳಗೇ ಇನ್ನೊಬ್ಬ ಶಿಕ್ಷಕರನ್ನು 'ಗಂಟೆ ಎಷ್ಟು?' ಎಂದು ಕೇಳಿ 'ತುಂಬಾ ಸರಿ' ಎಂದರೆ ಎದುರಿನವರಿಗೆ ಸಿಟ್ಟು ಬರುತ್ತದೆ. ಅಂದರೆ ಕಟ್ಟಡ ಸಂದರ್ಭವನ್ನು ಕೊಡುವುದಿಲ್ಲ. ಅಲ್ಲಿ ಇಬ್ಬರು ಏನು ಮಾಡುತ್ತಿದ್ದಾರೆ ಎಂಬುದು ಕೊಡುತ್ತದೆ. ಪ್ರತಿ ಮಾತೂ ಹಿಂದಿನ ಸಂದರ್ಭದಿಂದ ರೂಪು ಪಡೆಯುತ್ತದೆ, ಮುಂದಿನ ಮಾತಿಗೆ ತಾನೇ ಸಂದರ್ಭವಾಗುತ್ತದೆ ಎಂಬ ಈ ಎರಡು ಮುಖದ ಸಂಬಂಧವನ್ನು 1984ರಲ್ಲಿ ಜಾನ್ ಹೆರಿಟೇಜ್ ಸ್ಪಷ್ಟವಾಗಿ ಬರೆದಿಟ್ಟರು.

ನಿಮ್ಮ ಸಾಮಗ್ರಿ ಕನ್ನಡದ್ದಾದ್ದರಿಂದ ಒಂದು ಪುಟ್ಟ ಪ್ರತ್ಯಯವನ್ನು ತೋರಿಸುತ್ತೇನೆ. ರೋಗಿ 'ಈ ಮಾತ್ರೆ ತಗೊಂಡ್ರೆ ಹೊಟ್ಟೆ ಉರಿಯುತ್ತಂತೆ' ಎನ್ನುತ್ತಾರೆ ಎಂದುಕೊಳ್ಳಿ. ಆ 'ಅಂತೆ' ಮಾತಿನ ಹೊಣೆಯನ್ನು ಬೇರೆಯವರ ಹೆಗಲಿಗೆ ಹಾಕುತ್ತದೆ. ದೂರೂ ಅಲ್ಲ, ನಿರಾಕರಣೆಯೂ ಅಲ್ಲ. ವೈದ್ಯರು 'ಯಾರು ಹೇಳಿದ್ದು ನಿಮಗೆ?' ಎಂದರೆ ಅವರು ಆರಿಸಿಕೊಂಡ ಸಂದರ್ಭ ಒಂದು: ಬಲ್ಲವರು ಹೇಳಿದ್ದಕ್ಕೂ ಅಕ್ಕಪಕ್ಕದವರು ಹೇಳಿದ್ದಕ್ಕೂ ನಡುವಿನ ಪೈಪೋಟಿ. 'ನಿಮಗೆ ಉರೀತಿದೆಯಾ?' ಎಂದರೆ ಸಂದರ್ಭವೇ ಬೇರೆ: ಹೇಳಲು ಹಿಂಜರಿದ ನೋವನ್ನು ಹೊರತರುವ ಪರೀಕ್ಷೆ. ರೋಗಿಯ ಮಾತಿನಲ್ಲಿ ಎರಡಕ್ಕೂ ಅವಕಾಶವಿತ್ತು. ಯಾವುದು ಆ ಕೋಣೆಯ ಸಂದರ್ಭವಾಯಿತು ಎಂಬುದು ವೈದ್ಯರ ಸರದಿಯಲ್ಲಿ ತೀರ್ಮಾನವಾಯಿತು, ಅದನ್ನು ರೋಗಿ ಒಪ್ಪಿಕೊಂಡರೇ ಎಂಬುದು ಅದರ ಮುಂದಿನದರಲ್ಲಿ. ಹೀಗೆಯೇ 'ನೀವು' ಇದ್ದಕ್ಕಿದ್ದಂತೆ 'ನೀನು' ಆಗುವ ಜಾಗ, 'ಅಲ್ವಾ' ಎಂದು ಒಪ್ಪಿಗೆ ಕೇಳುವ ಜಾಗ, 'ಆಯ್ತು, ಮತ್ತೆ?' ಎಂದು ಮಾತನ್ನು ಮುಗಿಸುವತ್ತ ಒಯ್ಯುವ ಜಾಗ ಇವುಗಳನ್ನು ಗುರುತುಹಾಕಿಕೊಳ್ಳಿ. ಸಂದರ್ಭ ಹೊರಳುವುದು ಬಹುಮಟ್ಟಿಗೆ ಇಂಥ ಪುಟ್ಟ ಪದಗಳಲ್ಲಿ, ವ್ಯಾಕರಣದ ಪುಸ್ತಕಗಳು ಒಂದೊಂದು ಸಾಲಿನಲ್ಲಿ ಮುಗಿಸಿಬಿಡುವಂಥವುಗಳಲ್ಲಿ.

ಪದವೇ ಇಲ್ಲದೆ ದನಿಯೊಂದೇ ಈ ಕೆಲಸ ಮಾಡುವುದನ್ನು ಭಾಷಾವಿಜ್ಞಾನಿ ಜಾನ್ ಗಂಪರ್ಜ್ ತೋರಿಸಿದರು. 1982ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನ ಪ್ರಸಂಗ ಬರುತ್ತದೆ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಭಾರತ, ಪಾಕಿಸ್ತಾನ ಮೂಲದ ಮಹಿಳೆಯರು ಒರಟು ಎಂದು ಮೇಲ್ವಿಚಾರಕರಿಗೂ ಊಟಕ್ಕೆ ಬರುವ ಕೆಲಸಗಾರರಿಗೂ ಅನ್ನಿಸುತ್ತಿತ್ತು. ಆ ಮಹಿಳೆಯರಿಗೆ ತಮ್ಮ ಬಗ್ಗೆ ತಾರತಮ್ಯ ನಡೆಯುತ್ತಿದೆ ಎನ್ನಿಸುತ್ತಿತ್ತು. ಅವರು ಆಡುತ್ತಿದ್ದ ಮಾತು ಬಹಳ ಕಡಿಮೆ. ಧ್ವನಿಮುದ್ರಿಸಿ ಕೇಳಿದಾಗ ಗೊತ್ತಾದದ್ದೇನೆಂದರೆ, ಬಡಿಸುವಾಗ 'ಗ್ರೇವಿ' ಎಂಬ ಒಂದು ಪದವನ್ನು ಅವರು ದನಿ ಇಳಿಸಿ ಹೇಳುತ್ತಿದ್ದರು. ಅವರ ಮಟ್ಟಿಗೆ ಅದು ಕೇಳುವ ಸಹಜ ರೀತಿ. ಬ್ರಿಟಿಷ್ ಕಿವಿಗೆ ದನಿ ಏರಿದರೆ ಮಾತ್ರ 'ಗ್ರೇವಿ ಬೇಕೇ?' ಎಂಬ ಉಪಚಾರ. ಇಳಿದರೆ 'ಇದು ಗ್ರೇವಿ, ಬೇಕಾದರೆ ತಗೋ' ಎಂಬ ಉದಾಸೀನ. ಇಂಥ ಗುರುತುಗಳನ್ನು ಗಂಪರ್ಜ್ ಸಂದರ್ಭಸೂಚಕಗಳು ಎಂದರು. ವ್ಯಾಕರಣ ತಪ್ಪಿದರೆ 'ಇವರಿಗೆ ಭಾಷೆ ಬರುವುದಿಲ್ಲ' ಎಂದುಕೊಳ್ಳುತ್ತೇವೆ. ಸಂದರ್ಭಸೂಚಕ ತಪ್ಪಿದರೆ 'ಇವರ ನಡತೆ ಸರಿಯಿಲ್ಲ' ಎಂದುಕೊಳ್ಳುತ್ತೇವೆ. ಈ ಎರಡನೆಯ ತೀರ್ಪು ಎಷ್ಟು ಜನರ ಕೆಲಸ, ಮರ್ಯಾದೆಗಳನ್ನು ಕಸಿದಿರಬಹುದು ಎಂದು ಯೋಚಿಸಿದರೆ ಈ ವಿಷಯ ತರಗತಿಯೊಳಗೆ ಮಾತ್ರ ಇರತಕ್ಕದ್ದಲ್ಲ ಎನ್ನಿಸುತ್ತದೆ.

ನಿಮಗೆ ನೇರವಾಗಿ ಬೇಕಾಗುವ ಅಧ್ಯಯನವೊಂದಿದೆ. ಹೆರಿಟೇಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ್ದು, ಅಮೆರಿಕದ 20 ಕುಟುಂಬ ವೈದ್ಯರು ಮತ್ತು 224 ರೋಗಿಗಳನ್ನು ಒಳಗೊಂಡದ್ದು. ರೋಗಿಗಳು ಏನೇನು ಹೇಳಬೇಕೆಂದು ಬಂದಿದ್ದರು ಎಂಬುದನ್ನು ಭೇಟಿಗೆ ಮೊದಲೇ ಬರೆಸಿಕೊಂಡಿದ್ದರು. ಕೆಲವು ಭೇಟಿಗಳಲ್ಲಿ, ರೋಗಿ ಬಂದ ಕಾರಣವನ್ನು ಹೇಳಿದ ಮೇಲೆ ವೈದ್ಯರು ಇನ್ನೂ ಒಂದು ಪ್ರಶ್ನೆ ಕೇಳಬೇಕಿತ್ತು: ಬೇರೇನಾದರೂ ಹೇಳುವುದಿದೆಯೇ? ಕೆಲವರು ಇಂಗ್ಲಿಷಿನ 'ಎನಿಥಿಂಗ್' ಬಳಸಿದರು, ಕೆಲವರು 'ಸಮ್‌ಥಿಂಗ್'. ಮೊದಲನೆಯದು 'ಇಲ್ಲ' ಎಂಬ ಉತ್ತರದತ್ತ ವಾಲುವ ಪ್ರಶ್ನೆ, ಎರಡನೆಯದು 'ಇದೆ' ಎಂಬುದರತ್ತ. ಏನೂ ಹೆಚ್ಚಿಗೆ ಕೇಳದ ಭೇಟಿಗಳಿಗೆ ಹೋಲಿಸಿದರೆ, 'ಸಮ್‌ಥಿಂಗ್' ಎಂದು ಕೇಳಿದಾಗ ಹೇಳದೆ ಉಳಿದುಹೋಗುವ ತೊಂದರೆಗಳು ಶೇ. 78ರಷ್ಟು ಕಡಿಮೆಯಾದವು. 'ಎನಿಥಿಂಗ್' ಕೇಳಿದ್ದಕ್ಕೂ ಕೇಳದೇ ಇದ್ದದ್ದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಭೇಟಿಯ ಅವಧಿಯೂ ಉದ್ದವಾಗಲಿಲ್ಲ. ಅದೇ ಆಸ್ಪತ್ರೆ, ಅದೇ ಅಧಿಕಾರದ ಅಂತರ, ಅದೇ ಗಡಿಬಿಡಿ ಇದ್ದರೂ ಒಂದು ಪದ ರೋಗಿಗೆ ಬಾಯಿ ತೆರೆಯುವ ಅವಕಾಶ ಕೊಟ್ಟಿತು.

ಕನ್ನಡದಲ್ಲಿ ಈ ವಾಲುವಿಕೆ ಬೇರೆ ರೂಪದಲ್ಲಿ ಬರುತ್ತದೆ. 'ಬೇರೆ ಏನೂ ತೊಂದ್ರೆ ಇಲ್ವಲ್ಲ?' ಎಂಬ ಪ್ರಶ್ನೆ 'ಇಲ್ಲ' ಎಂಬ ಉತ್ತರವನ್ನು ತನ್ನೊಳಗೇ ಇಟ್ಟುಕೊಂಡಿದೆ. 'ಇನ್ನೂ ಏನೇನು ಹೇಳೋದಿದೆ, ಹೇಳಿ' ಎಂಬುದು ಹೇಳುವುದು ಇದ್ದೇ ಇದೆ ಎಂದುಕೊಂಡು ಕೇಳುತ್ತದೆ. ನಿಮ್ಮ ಧ್ವನಿಮುದ್ರಣಗಳಲ್ಲಿ ಈ ಎರಡೂ ಎಲ್ಲೆಲ್ಲಿ ಬರುತ್ತವೆ, ಭೇಟಿಯ ಯಾವ ಹಂತದಲ್ಲಿ, ಅವುಗಳ ನಂತರ ಎಷ್ಟು ಹೊತ್ತಿನ ಮೌನ, ಯಾವ ಉತ್ತರ ಎಂದು ನೋಡಿ. ಅದೊಂದೇ ಒಂದು ಅಧ್ಯಾಯಕ್ಕೆ ಆಗುವಷ್ಟಿದೆ.

ಬರಹಕ್ಕೆ ಇಳಿದ ಮಾತಿನ ವಿಷಯ ಬೇರೆ. ಅಲ್ಲಿ ಸಂದರ್ಭ ಕಾಣೆಯಾಗುತ್ತದೆ, ಕೆಲವೊಮ್ಮೆ ಅಳಿಸಿಹಾಕಲಾಗುತ್ತದೆ. ಇದಕ್ಕೆ ಡೆರೆಕ್ ಬೆಂಟ್ಲಿಯ ಪ್ರಕರಣಕ್ಕಿಂತ ನೋವಿನ ಉದಾಹರಣೆ ನನಗೆ ತಿಳಿದಿಲ್ಲ. 1952ರ ನವೆಂಬರ್ 2ರ ರಾತ್ರಿ ಲಂಡನ್ ಸಮೀಪದ ಕ್ರಾಯ್ಡನ್‌ನಲ್ಲಿ ಗೋದಾಮೊಂದರ ಚಾವಣಿಯ ಮೇಲೆ 19 ವರ್ಷದ ಬೆಂಟ್ಲಿ ಮತ್ತು 16 ವರ್ಷದ ಕ್ರಿಸ್ಟೋಫರ್ ಕ್ರೇಗ್ ಪೊಲೀಸರಿಗೆ ಸಿಕ್ಕಿಬಿದ್ದರು. ಕ್ರೇಗ್ ಹಾರಿಸಿದ ಗುಂಡಿಗೆ ಸಿಡ್ನಿ ಮೈಲ್ಸ್ ಎಂಬ ಪೊಲೀಸ್ ಸತ್ತರು. ಬೆಂಟ್ಲಿ 'ಅವನಿಗೆ ಕೊಡು, ಕ್ರಿಸ್' ಎಂದು ಕೂಗಿದ ಎಂದು ಪೊಲೀಸರು ಹೇಳಿದರು. ಬಂದೂಕನ್ನು ಒಪ್ಪಿಸಿಬಿಡು ಎಂದೇ, ಗುಂಡು ಹೊಡೆ ಎಂದೇ? ಇಂಗ್ಲಿಷಿನ ಆ ಮಾತು ಎರಡಕ್ಕೂ ಒದಗುತ್ತದೆ. ಆ ಮಾತನ್ನು ಆಡಿಯೇ ಇಲ್ಲ ಎಂದು ಇಬ್ಬರೂ ಹೇಳಿದ್ದರು. ಕ್ರೇಗ್‌ಗೆ ಗಲ್ಲಿಗೇರಿಸುವ ವಯಸ್ಸಾಗಿರಲಿಲ್ಲ. ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು.

ಬೆಂಟ್ಲಿಯದೆಂದು ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆ ಅವನೇ ಒಂದೇ ಓಘದಲ್ಲಿ ಹೇಳಿ ಬರೆಸಿದ್ದು, ನಡುವೆ ಪ್ರಶ್ನೆ ಕೇಳಲಿಲ್ಲ ಎಂದು ಪೊಲೀಸರು ಪ್ರಮಾಣ ಮಾಡಿದ್ದರು. ದಶಕಗಳ ನಂತರ ಭಾಷಾವಿಜ್ಞಾನಿ ಮಾಲ್ಕಂ ಕೌಲ್ಟ್‌ಹಾರ್ಡ್ 582 ಪದಗಳ ಆ ಹೇಳಿಕೆಯನ್ನು ಕೈಗೆತ್ತಿಕೊಂಡರು. ಅದರಲ್ಲಿ 'ಅಲ್ಲಿಯವರೆಗೆ ಕ್ರಿಸ್ ಏನೂ ಹೇಳಿರಲಿಲ್ಲ' ಎಂಬಂಥ ವಾಕ್ಯಗಳಿವೆ. ನಡೆದದ್ದನ್ನು ತಾನಾಗಿ ಹೇಳುವವರು ನಡೆಯದ್ದನ್ನು ಸುಮ್ಮನೆ ಹೇಳುವುದಿಲ್ಲ. ಯಾರಾದರೂ 'ಕ್ರಿಸ್ ಏನಾದರೂ ಹೇಳಿದನಾ?' ಎಂದು ಕೇಳಿದ್ದರೆ ಮಾತ್ರ ಆ ವಾಕ್ಯಕ್ಕೆ ಅಲ್ಲಿ ಜಾಗವಿದೆ. ಇಂಗ್ಲಿಷಿನ 'ದೆನ್' (ಆಮೇಲೆ) ಎಂಬ ಪದ ಆ ಸಣ್ಣ ಹೇಳಿಕೆಯಲ್ಲಿ 10 ಸಲ ಬಂದಿತ್ತು, ಅದೂ ಹಲವೆಡೆ ಕರ್ತೃಪದದ ನಂತರ: 'ಕ್ರಿಸ್ ದೆನ್', 'ಐ ದೆನ್'. ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳಲ್ಲಿ ಅಪರೂಪವಾದ ಆ ಬಳಕೆ ಪೊಲೀಸರು ತಾವೇ ಬರೆಯುವ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರಶ್ನೋತ್ತರವನ್ನು ಏಕಕಥನವಾಗಿ ಮಾರ್ಪಡಿಸಲಾಗಿತ್ತು ಎಂಬುದರ ಗುರುತುಗಳು ಆ ವಾಕ್ಯಗಳ ಒಳಗೇ ಉಳಿದಿದ್ದವು. 1998ರ ಜುಲೈ 30ರಂದು ಮೇಲ್ಮನವಿ ನ್ಯಾಯಾಲಯ ಶಿಕ್ಷೆಯ ತೀರ್ಪನ್ನು ರದ್ದುಮಾಡಿತು. ಅದಕ್ಕೆ ಮುಖ್ಯ ಕಾರಣ ವಿಚಾರಣೆಯ ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ನ್ಯಾಯಸಮ್ಮತವಲ್ಲದ ನಿರ್ದೇಶನಗಳು. ಭಾಷಾವಿಶ್ಲೇಷಣೆಯೊಂದೇ ಗೆಲ್ಲಿಸಿತು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಆದರೆ ಕಾಗದದ ಮೇಲಿನ ಮಾತಿನಲ್ಲಿ ಅಳಿಸಿದ ಸಂದರ್ಭವನ್ನು ಮರಳಿ ಓದಬಹುದು ಎಂಬುದಕ್ಕೆ ಇದು ಗಟ್ಟಿ ನಿದರ್ಶನ.

ನಿಮ್ಮ ಆಸ್ಪತ್ರೆಯ ಕಡತಗಳಲ್ಲೂ ಇದೇ ನಡೆಯುತ್ತಿರುತ್ತದೆ. 'ರೋಗಿ ಮದ್ಯಪಾನವನ್ನು ನಿರಾಕರಿಸುತ್ತಾರೆ' ಎಂದು ಕೇಸ್ ಶೀಟಿನಲ್ಲಿ ಬರೆದಿರುತ್ತದೆ. ಯಾರು ಕೇಳಿದರು, ಹೇಗೆ ಕೇಳಿದರು, ಯಾರು ಪಕ್ಕದಲ್ಲಿದ್ದರು ಎಂಬುದೆಲ್ಲ ಉದುರಿಹೋಗಿ, ಕೇಳಿದ್ದಕ್ಕೆ 'ಇಲ್ಲ' ಎಂದವರು ಏನೋ ಆರೋಪವನ್ನು ತಳ್ಳಿಹಾಕುತ್ತಿರುವಂತೆ ಕಾಣುತ್ತಾರೆ. ಅನುಮತಿ ಸಿಕ್ಕರೆ ಧ್ವನಿಮುದ್ರಣದ ಜೊತೆಗೆ ಆ ಭೇಟಿಯ ಟಿಪ್ಪಣಿಯನ್ನೂ ತೆಗೆದುಕೊಂಡು ಅಕ್ಕಪಕ್ಕ ಇಟ್ಟು ಓದಿ.

ಈಗ ಉಳಿದ ಮಾತು: ಮಾತಾಡುವವರು ತಾವೇ ಎತ್ತಿಕೊಳ್ಳದ ಸಂದರ್ಭದ ಗತಿ ಏನು? 1997ರಲ್ಲಿ ಶೆಗ್ಲಾಫ್ ಒಂದು ಖಡಕ್ ಲೇಖನ ಬರೆದು, ಮಾತುಕತೆಯಲ್ಲಿ ಭಾಗಿಗಳು ಪ್ರಸ್ತುತ ಎಂದು ತೋರಿಸದ ಸಂದರ್ಭವನ್ನು ವಿಶ್ಲೇಷಕರು ತಮ್ಮ ಸಿದ್ಧಾಂತದಿಂದ ಹೇರಬಾರದು ಎಂದರು. ಮಾತಿನೊಳಗಿನ ಅಧಿಕಾರವನ್ನು ಬಯಲಿಗೆಳೆಯಲು ಹೊರಟ ವಿಮರ್ಶಾತ್ಮಕ ಸಂಕಥನ ವಿಶ್ಲೇಷಣೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಮರುವರ್ಷ ಮಾರ್ಗರೆಟ್ ವೆದರೆಲ್ ಅದಕ್ಕೆ ಉತ್ತರ ಬರೆದರು. ಅವರ ಪಕ್ಷದ ವಾದ ಹಗುರವಾದದ್ದಲ್ಲ. ಅಧಿಕಾರ ಚೆನ್ನಾಗಿ ಬೇರೂರಿದಾಗ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ರೋಗಿ ಕೇಳದೇ ಬಿಟ್ಟ ಪ್ರಶ್ನೆ ಧ್ವನಿಮುದ್ರಣದಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಮುಂದಿನ ಸರದಿಯಿಂದ ತೋರಿಸುವುದು ಹೇಗೆ?

ಹೋಲಿಕೆಯಿಂದ ತೋರಿಸಬಹುದು. 1975ರ ಜೂನ್ ಆರಂಭದಲ್ಲಿ ರೊಡೇಷಿಯಾದ ಸಾಲ್ಸ್‌ಬರಿಯಲ್ಲಿ, ಅಂದರೆ ಈಗಿನ ಜಿಂಬಾಬ್ವೆಯ ಹರಾರೆಯಲ್ಲಿ, ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ಮರುದಿನ ಲಂಡನ್ನಿನ ಎರಡು ಪತ್ರಿಕೆಗಳ ಶೀರ್ಷಿಕೆಗಳನ್ನು ಟೋನಿ ಟ್ರೂ ಎಂಬ ವಿದ್ವಾಂಸರು ಎದುರುಬದುರು ಇಟ್ಟರು. 'ಸಾಲ್ಸ್‌ಬರಿ ಗಲಭೆಯಲ್ಲಿ 11 ಜನರನ್ನು ಗುಂಡಿಟ್ಟು ಕೊಂದ ಪೊಲೀಸರು' ಎಂಬರ್ಥದ್ದು 'ದಿ ಗಾರ್ಡಿಯನ್'ನಲ್ಲಿ. 'ದಿ ಟೈಮ್ಸ್'ನಲ್ಲಿ ಗಲಭೆ ಮಾಡುತ್ತಿದ್ದ ಕರಿಯರು ಪೊಲೀಸರ ಗುಂಡಿಗೆ ಬಲಿಯಾದರು ಎಂಬ ಕರ್ಮಣಿ ರಚನೆ, ಸತ್ತವರು ವಾಕ್ಯದ ಮೊದಲಿಗೆ, ಅದೂ 'ಗಲಭೆಕೋರ' ಎಂಬ ವಿಶೇಷಣದೊಂದಿಗೆ, ಕೊಂದವರು ಹಿಂದಕ್ಕೆ. ಒಂದು ಶೀರ್ಷಿಕೆಯನ್ನಷ್ಟೇ ನೋಡಿದವರಿಗೆ ಅದು ಸಹಜವಾಗಿಯೇ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗ, ಬೇರೆ ರೀತಿ ಹೇಳಲು ಸಾಧ್ಯವಿತ್ತು, ಹೇಳಲಿಲ್ಲ ಎಂಬುದು ತಿಳಿಯುತ್ತದೆ. ಹೊರಗಿನ ಸಂದರ್ಭವನ್ನು ತರುವುದಿದ್ದರೆ ಹೀಗೆ ತನ್ನಿ: ಅದೇ ಘಟನೆಯ ಇನ್ನೊಂದು ನಿರೂಪಣೆ, ಅದೇ ಪ್ರಶ್ನೆಗೆ ಇನ್ನೊಬ್ಬ ರೋಗಿಯ ಉತ್ತರ, ಅದೇ ವೈದ್ಯರು ಬೇರೆಯವರೊಂದಿಗೆ ಆಡಿದ ಮಾತು. ಒಬ್ಬ ವೈದ್ಯರು ಎಲ್ಲ ರೋಗಿಗಳ ಮಾತನ್ನೂ ನಡುವೆ ತಡೆಯುತ್ತಾರಾದರೆ ಅದು ಅವರ ಗಡಿಬಿಡಿ ಇರಬಹುದು. ಮಹಿಳೆಯರ ಮಾತನ್ನೇ ಹೆಚ್ಚು ತಡೆಯುತ್ತಾರಾದರೆ, ಯಾರೂ ಹೆಸರೆತ್ತದಿದ್ದರೂ ಲಿಂಗ ಅಲ್ಲಿ ಸಂದರ್ಭವಾಗಿದೆ, ಮತ್ತು ನಿಮ್ಮ ಕೈಯಲ್ಲಿ ಸಾಕ್ಷ್ಯವಿದೆ.

ಈ ಜಗಳದಲ್ಲಿ ನಾನು ಶೆಗ್ಲಾಫರ ಪಕ್ಷದಿಂದ ಹೊರಟು ಎದುರು ಪಕ್ಷದ ಕಡೆ ನಡೆಯುವವಳು. ಮೊದಲು ಸರದಿ ಸರದಿಯಾಗಿ ನೋಡಬೇಕು, ಅಲ್ಲಿ ತೋರದ್ದಕ್ಕೆ ಆಮೇಲೆ ಹೋಲಿಕೆಯ ಮೊರೆಹೋಗಬೇಕು. ಕ್ರಮ ತಿರುವುಮುರುವಾದರೆ ನೀವು ಭಯಪಟ್ಟ ಹಾಗೆಯೇ ಆಗುತ್ತದೆ. ಸಂಕಥನ ವಿದ್ವಾಂಸ ಟ್ಯೂನ್ ವಾನ್ ಡೈಕ್ ಹೇಳುವ ಇನ್ನೊಂದು ಮಾತನ್ನೂ ಜೊತೆಗಿಟ್ಟುಕೊಳ್ಳಿ: ಸನ್ನಿವೇಶ ಮಾತನ್ನು ನೇರವಾಗಿ ರೂಪಿಸುವುದಿಲ್ಲ, ಆ ಸನ್ನಿವೇಶ ಏನೆಂದು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ ರೂಪಿಸುತ್ತದೆ. ಒಂದೇ ಕೋಣೆಯಲ್ಲಿ ಕೂತ ವೈದ್ಯರು 'ಹತ್ತು ನಿಮಿಷದ ಭೇಟಿ'ಯಲ್ಲೂ ರೋಗಿ 'ತಿಂಗಳುಗಟ್ಟಲೆ ಕಾದ ದಿನ'ದಲ್ಲೂ ಇರಬಹುದು. ಆ ಎರಡು ಚಿತ್ರಗಳು ಎಲ್ಲಿ ಡಿಕ್ಕಿ ಹೊಡೆಯುತ್ತವೆಯೋ ಅಲ್ಲಿ ಮಾತು ತಡವರಿಸುತ್ತದೆ.

ಕೆಲಸ ಆರಂಭಿಸಬೇಕಾದದ್ದೂ ಆ ತಡವರಿಕೆಗಳಿಂದಲೇ. ಎಲ್ಲ ಧ್ವನಿಮುದ್ರಣಗಳನ್ನೂ ಒಟ್ಟಿಗೆ ಬರಹಕ್ಕಿಳಿಸಲು ಕೂರಬೇಡಿ. ಭಾಗಿಗಳ ಒಪ್ಪಿಗೆ, ಹೆಸರು ಬದಲಾವಣೆ ಇವೆಲ್ಲ ಮುಗಿದ ಮೇಲೆ ಒಂದು ಭೇಟಿಯನ್ನು ಮಾತ್ರ ಆರಿಸಿ, ಹಲವು ಸಲ ಕೇಳಿ. ಬರೆದುಕೊಳ್ಳುವಾಗ ಮಾತನ್ನು ತಿದ್ದಬೇಡಿ, 'ಅದೂ... ಅದು ಏನಂದ್ರೆ' ಎಂಬುದು ಹಾಗೇ ಇರಲಿ. ಉಸಿರು, ನಗು, ಒಬ್ಬರ ಮೇಲೊಬ್ಬರು ಮಾತಾಡಿದ್ದು, ಮೌನದ ಅಳತೆ ಎಲ್ಲ ಬೇಕು. ಇಂಗ್ಲಿಷ್ ಸಂಭಾಷಣೆಗಳಲ್ಲಿ ಜನ ಸಹಜವಾಗಿ ತಡೆದುಕೊಳ್ಳುವ ಮೌನ ಸುಮಾರು ಒಂದು ಸೆಕೆಂಡು ಎಂದು ಜೆಫರ್ಸನ್ ಗಮನಿಸಿದ್ದರು. ಅದಕ್ಕಿಂತ ಉದ್ದದ್ದು ಕಂಡಾಗ ನಿಂತು ನೋಡಿ: ಆಗ ವೈದ್ಯರು ಬರೆಯುತ್ತಿದ್ದರೇ, ಪರದೆ ನೋಡುತ್ತಿದ್ದರೇ, ಅಥವಾ ರೋಗಿ ಹೇಳಲೋ ಬೇಡವೋ ಎಂದು ತೂಗುತ್ತಿದ್ದರೇ? ಧ್ವನಿಯಲ್ಲಿ ಇದು ಗೊತ್ತಾಗದಿದ್ದರೆ ಮುಂದಿನ ಭೇಟಿಗಳಿಗೆ ವಿಡಿಯೊ ಅನುಮತಿ ಕೇಳಿ. ಯಾವುದನ್ನು ಬರೆದುಕೊಳ್ಳುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದೇ ಒಂದು ಸೈದ್ಧಾಂತಿಕ ಆಯ್ಕೆ ಎಂದು ಎಲಿನೋರ್ ಓಕ್ಸ್ 1979ರಲ್ಲೇ ಎಚ್ಚರಿಸಿದ್ದರು.

ಆಮೇಲೆ 'ಏನಂದ್ರಿ?', 'ಅಲ್ಲ, ಅದಲ್ಲ', 'ನಾನು ಕೇಳಿದ್ದು ಬೇರೆ' ಎಂಬಂಥ ತಿದ್ದುಪಡಿಯ ಜಾಗಗಳಿಗೆ ಮಾತ್ರ ಗುರುತು ಹಾಕಿ. ಪ್ರತಿ ಗುರುತಿನ ಹಿಂದಿನ ಮೂರು ಸರದಿ, ಮುಂದಿನ ಮೂರು ಸರದಿ ಬೇರೆ ಹಾಳೆಗೆ ಇಳಿಸಿ, ಅಲ್ಲಿ ಇಬ್ಬರೂ ತಾವು ಏನು ಮಾಡುತ್ತಿದ್ದೇವೆ ಎಂದುಕೊಂಡಿದ್ದರು ಎಂದು ಒಂದೊಂದು ಸಾಲು ಬರೆಯಿರಿ. ಆ ಸಾಲಿಗೆ ಆಧಾರವಾದ ಪದವನ್ನು ಅಡಿಗೆರೆ ಎಳೆದು ತೋರಿಸಲು ಆಗದಿದ್ದರೆ, ಆ ಸಾಲನ್ನು ಸದ್ಯಕ್ಕೆ ಹೊಡೆದುಹಾಕಿ.